ತೂತು ಹಾಕದೆ ಉಳಿದ ಡಬ್ಬ

ನನ್ನ ತಂಗಿ ಏನನ್ನಾದರೂ ಮೂಸಿ ನೋಡುವಾಗ ಎಡಗಣ್ಣು ಮುಚ್ಚುತ್ತಿದ್ದಳು. ಅವಳು ತೀರಿಕೊಂಡು ಎರಡು ವರ್ಷವಾಯಿತು. ಅವಳ ಮುಖ ನೆನಪು ಮಾಡಿಕೊಂಡರೆ ಮೊದಲು ಬರುವುದು ಆ ಮುಚ್ಚಿದ ಕಣ್ಣು, ಆಮೇಲೆ ಅರಳಿದ ಮೂಗಿನ ಹೊಳ್ಳೆ. ಊರಿನವರಿಗೆ ಅವಳನ್ನು ಕಂಡರೆ ಗೌರವ. ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ಅದರಿಂದ ಆದದ್ದು.

ನಾವು ಹುಟ್ಟಿದ್ದು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಾನು ಏಳನೇ ತರಗತಿವರೆಗೆ ಓದಿದೆ. ಅವಳು ಮೂರಕ್ಕೇ ಬಿಟ್ಟಳು. ಮನೆಗೆ ಬಂದ ಕಾಗದ ಓದುವುದು, ಕ್ಯಾಲೆಂಡರು ನೋಡಿ ಹಬ್ಬ ಹೇಳುವುದು ನನ್ನ ಕೆಲಸವಾಗಿತ್ತು. ಆದರೆ ಅವ್ವ ಬೆಣ್ಣೆ ಕಾಯಿಸುವಾಗ ಕರೆಯುತ್ತಿದ್ದದ್ದು ಅವಳನ್ನು. ಅವಳು ಒಳಗೂ ಬರುತ್ತಿರಲಿಲ್ಲ. ಜಗಲಿ ಮೇಲೆ ಆಡುತ್ತಿದ್ದವಳು ಕಣ್ಣು ಮುಚ್ಚಿ, "ಬಂತು, ಇಳ್ಸವ್ವ" ಅನ್ನುತ್ತಿದ್ದಳು. ಇಳಿಸಿದರೆ ತುಪ್ಪ ಹದವಾಗಿಯೇ ಇರುತ್ತಿತ್ತು. ನಾನು ಒಲೆಯ ಮುಂದೆಯೇ ಕೂತು ನೋಡುತ್ತಿದ್ದರೂ ಒಂದು ಸಲವೂ ಸರಿಯಾಗಿ ಹೇಳಲಿಲ್ಲ.

ಕದ್ದು ಬೆಲ್ಲ ತಿಂದ ದಿನ ನಾನು ಬಾಯಿ ತೊಳೆದು, ಸೀಬೆ ಎಲೆ ಅಗಿದು ಬರುತ್ತಿದ್ದೆ. ಅವಳು ಪಕ್ಕದಲ್ಲಿ ಹಾದು ಹೋದರೆ ಸಾಕು, "ಅಕ್ಕ ಬೆಲ್ಲ ತಿಂದೈತೆ" ಅಂದುಬಿಡುತ್ತಿದ್ದಳು. ಚಾಡಿ ಹೇಳುವ ಬುದ್ಧಿ ಅವಳದಲ್ಲ. ಅವಳಿಗೆ ಗೊತ್ತಾಗುತ್ತಿತ್ತು, ಹೇಳುತ್ತಿದ್ದಳು, ಅಷ್ಟೆ. ಏಟು ಬೀಳುತ್ತಿದ್ದದ್ದು ನನಗೆ. ಏಟು ಬಿದ್ದ ಮೇಲೆ ಬಂದು ನನ್ನ ಬೆನ್ನು ಸವರುತ್ತಿದ್ದವಳೂ ಅವಳೇ. ಅದು ನನಗೆ ಏಟಿಗಿಂತ ಹೆಚ್ಚು ಉರಿಯುತ್ತಿತ್ತು.

ಇಬ್ಬರನ್ನೂ ಒಂದೇ ಮನೆಗೆ ಕೊಟ್ಟರು. ಹೊಳೆನರಸೀಪುರ ತಾಲ್ಲೂಕು, ಹಳೇಕೋಟೆಯಿಂದ ಸ್ವಲ್ಪ ಒಳಗೆ. ಅಣ್ಣನಿಗೆ ನಾನು, ಎರಡು ವರ್ಷ ಬಿಟ್ಟು ತಮ್ಮನಿಗೆ ಅವಳು. ಇಲ್ಲಾದರೂ ನಾನು ದೊಡ್ಡ ಸೊಸೆ, ನನ್ನ ಮಾತು ನಡೆಯುತ್ತದೆ ಅಂದುಕೊಂಡೆ. ಅವಳು ಬಂದ ಮೂರನೇ ತಿಂಗಳಿಗೆ, ಕಣಜದ ಮುಂದೆ ನಿಂತು, "ಅತ್ತೆ, ಇದ್ರೊಳ್ಗೆ ಇಲಿ ಸತ್ತೈತೆ" ಅಂದಳು. ಅತ್ತೆ ನಕ್ಕರು. ಮಾವ ಸುಮ್ಮನೆ ಇರಲಾರದೆ ಅರ್ಧ ರಾಗಿ ಹೊರಗೆ ಸುರಿಸಿದರು. ಇಲಿ ಸಿಕ್ಕಿತು. ಅಂದಿನಿಂದ ಉಪ್ಪಿನಕಾಯಿ ಭರಣಿ, ಹಾಲು, ಮಳೆಗಾಲದ ಸೌದೆ, ಎಲ್ಲದಕ್ಕೂ "ಚಿಕ್ಕವಳ್ನ ಕರಿ" ಅನ್ನುವುದು ಆ ಮನೆಯಲ್ಲಿಯೂ ಶುರುವಾಯಿತು.

ತೊಂಬತ್ತೈದೋ ತೊಂಬತ್ತಾರೋ ಇರಬೇಕು. ಹಾಸನದ ರಸ್ತೆಯಲ್ಲಿ ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯನ್ನು ಹೊರಗಿನವರೊಬ್ಬರು ಹಿಡಿದು ಪ್ಲಾಸ್ಟಿಕ್ ಕೆಲಸ ಶುರು ಮಾಡಿದರು. ಹೊರದೇಶದ ಕಸ ಹಡಗಿನಲ್ಲಿ ಬಂದು, ಬಂದರಿನಿಂದ ಬೆಂಗಳೂರಿಗೆ, ಅಲ್ಲಿಂದ ಲಾರಿಯಲ್ಲಿ ನಮ್ಮ ರಸ್ತೆಗೆ ಬರುತ್ತಿತ್ತು. ಮೊದಲು ನಾವು ನಂಬಲಿಲ್ಲ. ಕಸವನ್ನು ಯಾರಾದರೂ ಹಡಗಿನಲ್ಲಿ ಕಳಿಸುತ್ತಾರೆಯೇ? ಕಬ್ಬಿಣದ ಪಟ್ಟಿ ಬಿಗಿದು ಚೌಕವಾಗಿ ಅದುಮಿದ ಪಿಂಡಿಗಳು. ಪಟ್ಟಿ ಕತ್ತರಿಸಿದರೆ ಪಿಂಡಿ ಉಬ್ಬಿ ಮೊಣಕಾಲವರೆಗೆ ಹರಡುತ್ತಿತ್ತು. ಹಾಲಿನ ಡಬ್ಬ, ಸೋಪಿನ ಶೀಶೆ, ನಾಯಿಯ ಚಿತ್ರ ಇರುವ ಚೀಲ, ಬಳಸಿ ಬಿಸಾಕಿದ ಮಕ್ಕಳ ಕಕ್ಕಸಿನ ಬಟ್ಟೆ, ಸೂಜಿ ಇನ್ನೂ ಅಂಟಿಕೊಂಡಿರುವ ಪಿಚಕಾರಿ, ಹುಳ ಬಿದ್ದ ಮೊಸರು. ನಾವು ಇಪ್ಪತ್ತು ಮೂವತ್ತು ಹೆಂಗಸರು ಕೂತು ಬಿಡಿಸಿ, ತೊಳೆದು, ಒಣಗಿಸುತ್ತಿದ್ದೆವು. ಮೆಷಿನ್ನು ಅದನ್ನು ಪುಡಿ ಮಾಡಿ, ಕರಗಿಸಿ, ಕಾಳು ಮಾಡುತ್ತಿತ್ತು. ಆ ಕಾಳು ಬೆಂಗಳೂರಿಗೆ ಹೋಗಿ, ಬಿಂದಿಗೆಯಾಗಿ ಚನ್ನರಾಯಪಟ್ಟಣದ ಸಂತೆಗೆ ಬರುತ್ತಿತ್ತು. ಯಾವುದಕ್ಕೂ ಬಾರದ್ದನ್ನು ಗಿರಣಿ ಹಿಂದೆ ಸುಡುತ್ತಿದ್ದರು. ತೊಳೆದ ನೀರು ಕಾಲುವೆಗೆ, ಕಾಲುವೆಯಿಂದ ಕಟ್ಟೆಗೆ. ಕಟ್ಟೆಯ ಅಂಚಿನಲ್ಲಿ ನೊರೆ ನಿಲ್ಲಲು ಶುರುವಾದ ಮೇಲೆ ಎಮ್ಮೆಗಳು ಅಲ್ಲಿ ಮೂತಿ ಇಡುವುದನ್ನು ಬಿಟ್ಟವು. ಆ ನೀರು ಕೆಟ್ಟಿದೆ ಎಂದು, ಎಮ್ಮೆಗಳು ಬಿಡುವುದಕ್ಕೆ ಒಂದು ತಿಂಗಳು ಮೊದಲೇ ಅವಳು ಹೇಳಿದ್ದಳು.

ಕೆಲಸಕ್ಕೆ ಸೇರಿದ ದಿನ ನನಗೆ ಖುಷಿ ಇತ್ತು. ಶೀಶೆಗಳ ಮೇಲೆ ಅಕ್ಷರ ಇತ್ತಲ್ಲ, ಇಂಗ್ಲಿಷ್ ಅಕ್ಷರ ಕೂಡಿಸಿ ಓದುವವಳು ಆ ಗುಂಪಿನಲ್ಲಿ ನಾನೊಬ್ಬಳೇ. ಆದರೆ ಆ ಅಕ್ಷರಗಳ ತಲೆಯ ಮೇಲೆ ಚುಕ್ಕೆ, ಕೆಳಗೆ ಬಾಲ. ಕೆಲವು ಅಕ್ಷರಗಳೇ ಅಲ್ಲ, ಚೌಕಾಬಾರದ ಮನೆಗಳಂತೆ ಬರೆದ ಗೆರೆಗಳು. ನನ್ನ ಏಳನೇ ತರಗತಿ ಅಲ್ಲಿ ಒಂದು ಬೆಳಗ್ಗೆಯೂ ನಡೆಯಲಿಲ್ಲ.

ನಡೆದದ್ದು ಅವಳ ಮೂಗು. ಪ್ಲಾಸ್ಟಿಕ್ಕಿನಲ್ಲಿ ಜಾತಿ ಜಾತಿ ಇವೆ, ಬೆರೆಸಬಾರದು. ಯಾವುದು ಯಾವುದೆಂದು ತಿಳಿಯಲು ಒಂದು ಚೂರು ಕತ್ತರಿಸಿ, ಚಿಮಣಿ ಬುಡ್ಡಿಯ ಉರಿಗೆ ಹಿಡಿದು, ಹೊಗೆ ಮೂಸಬೇಕು. ಮೇಸ್ತ್ರಿ ನಮಗೆಲ್ಲ ಕಲಿಸಿದ್ದು ಅದೇ. ಮೂರು ದಿನ ಅವಳು ಹಾಗೆ ಸುಟ್ಟು ನೋಡಿದಳು. ನಾಲ್ಕನೇ ದಿನದಿಂದ ಬುಡ್ಡಿ ಹಚ್ಚಲಿಲ್ಲ. ಚೂರನ್ನು ಕಿವಿಯ ಹತ್ತಿರ ಮಡಚಿ ಸದ್ದು ಕೇಳುವುದು, ಉಗುರಿನಲ್ಲಿ ಗೀರುವುದು, ಎಡಗಣ್ಣು ಮುಚ್ಚಿ ಒಂದು ಸಲ ಮೂಸುವುದು, ಅಷ್ಟೆ. ಹೆಸರೂ ಅವಳೇ ಇಟ್ಟಳು. ಮೇಣದ ವಾಸನೆಯದು ಮೇಣದವ್ವ. ಸುಟ್ಟರೆ ಮಸಿಯ ಎಳೆ ಬಿಡುವುದು ಮಸಿಯಪ್ಪ. ಮೂಗಿನೊಳಗೆ ಗೀರುವಂಥದು ಕಣ್ಣುರಿ. ಒಂದು ಚೂರು ಕಣ್ಣುರಿ ಬೆರೆತರೂ ಇಡೀ ಪಾಕ ಕಪ್ಪಾಗಿ ಮೆಷಿನ್ನು ಕಚ್ಚಿಕೊಳ್ಳುತ್ತಿತ್ತು. ಆದ್ದರಿಂದ ಮಾಲೀಕರೇ ಆ ಹೆಸರುಗಳನ್ನು ಹೇಳಲು ಕಲಿತರು. ಪ್ಯಾಂಟು ಹಾಕಿದ ಮನುಷ್ಯ ಬಂದು, "ಏನಮ್ಮ, ಇವತ್ತು ಕಣ್ಣುರಿ ಎಷ್ಟಿದೆ?" ಎಂದು ಅವಳನ್ನು ಕೇಳುತ್ತಿದ್ದರು.

ಒಂದು ದಿನ ಅವಳಿಗೆ ಕೂರಲು ಒಂದು ಸ್ಟೂಲು ತರಿಸಿದರು. ಎಲ್ಲರೂ ಆರಿಸಿದ್ದು ಕೊನೆಗೆ ಅವಳ ಮುಂದೆ ಹಾದು ಹೋಗಬೇಕು. ನಾವೆಲ್ಲ ನೆಲದ ಮೇಲೆ, ಅವಳು ಸ್ಟೂಲಿನ ಮೇಲೆ. ಮರದ ಸ್ಟೂಲು, ಒಂದು ಕಾಲು ಸ್ವಲ್ಪ ಗಿಡ್ಡ. ಆ ಸ್ಟೂಲನ್ನು ನಾನು ನೋಡಿದಷ್ಟು ನನ್ನ ಮಕ್ಕಳ ಮುಖವನ್ನೂ ನೋಡಿಲ್ಲವೇನೋ.

ಅವಳು ಅದರ ಮೇಲೆ ಕೂತು ದೊಡ್ಡಸ್ತಿಕೆ ತೋರಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ತೋರಿಸಲಿಲ್ಲ. ತಮಾಷೆ ಮಾಡಿಕೊಂಡೇ ಕೆಲಸ ಮಾಡುತ್ತಿದ್ದಳು. ಯಾರೋ ತಿಂದು ಬಿಟ್ಟ ತಟ್ಟೆಗಳ ಪಿಂಡಿ ಬಿಚ್ಚಿದಾಗ ಎಲ್ಲರೂ ಮೂಗು ಮುಚ್ಚಿಕೊಂಡರೆ ಅವಳು ನನ್ನ ಕಡೆ ತಿರುಗಿ, "ಅಲ್ಲ ಕಣಕ್ಕ, ತಿಂದೋರ್ಯಾರೋ, ಮುಸುರೆ ತಿಕ್ಕೋರು ನಾವು. ನಮ್ಮನ್ನ ಯಾವ್ ದೇಸುಕ್ ಸೊಸೆ ಮಾಡ್ಕೊಟ್ರು ಅಂತ ಅಪ್ಪುನ್ನ ಕೇಳ್ಬೇಕು" ಅಂದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಆ ಮಾತು ನನಗೆ ಹೊಳೆಯಬಾರದಿತ್ತೇ ಎಂದು ಇಡೀ ಮಧ್ಯಾಹ್ನ ಯೋಚಿಸಿದೆ.

ಡಬ್ಬಗಳ ವಿಷಯ ಹೇಳಬೇಕು. ಪಿಂಡಿಗಳಲ್ಲಿ ಒಡೆಯದೆ ಉಳಿದ ಒಳ್ಳೆಯ ಡಬ್ಬಗಳನ್ನು ಒಂದೆರಡು ಮನೆಗೆ ತೆಗೆದುಕೊಂಡು ಹೋಗಲು ಬಿಡುತ್ತಿದ್ದರು. ನಮ್ಮ ಕಡೆ ಆಗ ಫಾರಿನ್ ಡಬ್ಬ ಅಂದರೆ ಒಂದು ಹುಚ್ಚು. ದಪ್ಪ ಬಿಳಿ ಪ್ಲಾಸ್ಟಿಕ್ಕು, ಬಿಗಿಯಾದ ಮುಚ್ಚಳ, ಹಿಡಿ. ಉಪ್ಪಿನಕಾಯಿ, ಎಣ್ಣೆ, ಮಜ್ಜಿಗೆ, ಎಲ್ಲ ಅದರಲ್ಲೇ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಪಾತ್ರೆಯ ಜೊತೆ ಎರಡು ಫಾರಿನ್ ಡಬ್ಬ ಇಟ್ಟು ಕಳಿಸುತ್ತಿದ್ದವರಿದ್ದರು.

ನನ್ನ ತಂಗಿ ತಂದ ಡಬ್ಬಗಳನ್ನೆಲ್ಲ ಒಂದೊಂದಾಗಿ ಮೂಸುತ್ತಿದ್ದಳು. ಒಳ್ಳೆಯದು ಅನಿಸಿದ್ದನ್ನು ಬೂದಿ ಹುಣಸೆಹಣ್ಣು ಹಾಕಿ ತಿಕ್ಕಿ ಅಟ್ಟದ ಮೇಲಿಡುತ್ತಿದ್ದಳು. ಕೆಟ್ಟದ್ದನ್ನು ಹಿತ್ತಲಿನ ನುಗ್ಗೆ ಮರದ ಬುಡಕ್ಕೆ. ಆಮೇಲೆ ಕುಡುಗೋಲಿನ ತುದಿ ಕಾಯಿಸಿ ಅವುಗಳ ತಳಕ್ಕೆ ತೂತು ಹಾಕುತ್ತಿದ್ದಳು, ಬೇರೆ ಯಾರೂ ಆಸೆಪಟ್ಟು ಬಳಸದ ಹಾಗೆ. ತೂತಾದದ್ದರಲ್ಲಿ ಕನಕಾಂಬರ ನೆಡುತ್ತಿದ್ದರು. ಅಷ್ಟು ಚೆಂದದ ಡಬ್ಬ ಹಾಳು ಮಾಡ್ತೀಯಲ್ಲ ಎಂದು ನೆರೆಯವರು ಹೊಟ್ಟೆ ಉರಿದುಕೊಂಡರೆ, "ಇದ್ರಲ್ಲಿ ಏನೋ ಇತ್ತು ಕಣವ್ವ. ಏನು ಅಂತ ನಂಗೂ ಗೊತ್ತಿಲ್ಲ. ನೀರಿಗ್ ಓಗಾಕಿಲ್ಲ, ಒಳ್ಗೆ ಅಡುಗ್ಕಂಡೈತೆ" ಅನ್ನುತ್ತಿದ್ದಳು.

ಜನ ಅವಳನ್ನು ಮೂಗಿನವ್ವ ಅನ್ನತೊಡಗಿದರು. ಪಕ್ಕದ ಊರಿನಿಂದಲೂ ಡಬ್ಬ ಹಿಡಿದುಕೊಂಡು ಬಂದು, ಇದರಲ್ಲಿ ಎಣ್ಣೆ ಹಾಕಬಹುದಾ ಎಂದು ಕೇಳುವವರು. ಬಾಗಿಲಲ್ಲಿ ನಾನು ನಿಂತಿದ್ದರೂ, "ಮೂಗಿನವ್ವ ಇಲ್ವಾ?" ಅನ್ನುವರು. ಅವಳು ಹಿತ್ತಲಿನಲ್ಲಿ ಇದ್ದರೂ ಇಲ್ಲ ಎಂದು ಎಷ್ಟೋ ಜನರನ್ನು ನಾನು ವಾಪಸು ಕಳಿಸಿದ್ದೇನೆ.

ಆ ವರ್ಷ ಗೌರಿ ಹಬ್ಬಕ್ಕೆ ನಾದಿನಿ ಬಂದಿದ್ದಳು. ನಮ್ಮಿಬ್ಬರ ಗಂಡಂದಿರ ಒಬ್ಬಳೇ ತಂಗಿ. ಅವಳನ್ನು ಕೊಟ್ಟಿದ್ದು ಚನ್ನರಾಯಪಟ್ಟಣದ ಕಡೆ. ಅವಳಿಗೆ ನಾನು ದೊಡ್ಡತ್ತಿಗೆ, ನನ್ನ ತಂಗಿ ಚಿಕ್ಕತ್ತಿಗೆ. ಮಾತು, ನಗು ಎಲ್ಲ ಚಿಕ್ಕತ್ತಿಗೆಯ ಜೊತೆಗೇ. ಗಣಪತಿ ಹಬ್ಬವೂ ಮುಗಿದ ಮಾರನೇ ದಿನ ಗಿರಣಿಗೆ ಲಾರಿ ಬಂದಿದೆ ಎಂದು ಹೇಳಿ ಕಳಿಸಿದರು. ಅವಳಿಲ್ಲದೆ ಮೆಷಿನ್ನು ನಡೆಯುವುದಿಲ್ಲವಲ್ಲ, ಬೆಳಗ್ಗೆಯೇ ಹೊರಟಳು. ಹೋಗುವಾಗ ನನಗೆ ಎರಡು ಮಾತು ಹೇಳಿದಳು. ಒಂದು, ನಾದಿನಿಗೆ ಅಂತ ಅಟ್ಟದ ಮೇಲೆ ಒಂದು ಡಬ್ಬ ಇಟ್ಟಿದ್ದೇನೆ, ಕೊಟ್ಟು ಕಳಿಸು. ಇನ್ನೊಂದು, "ನುಗ್ಗೆ ಬುಡುದಾಗಿರವು ಮುಟ್ಬ್ಯಾಡ ಕಣಕ್ಕ. ಇನ್ನೂ ತೂತಾಕಿಲ್ಲ, ಬಂದು ಆಕ್ತೀನಿ."

ಮಧ್ಯಾಹ್ನದ ಬಸ್ಸಿಗೆ ನಾದಿನಿ ಹೊರಟಳು. ಮೊರದ ಬಾಗಿನ ಕೊಟ್ಟೆ. ಅಟ್ಟ ಹತ್ತಿ ನೋಡಿದರೆ ಅವಳು ಇಟ್ಟಿದ್ದು ಒಂದು ಸಣ್ಣ ಡಬ್ಬ, ಹಿಡಿಯಿಲ್ಲ, ಅಂದವಿಲ್ಲ. ನಾದಿನಿಗೆ ಇಷ್ಟೇನಾ ಅನಿಸಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಇದನ್ನು ಕೊಟ್ಟರೆ ಇದು ಅವಳ ಡಬ್ಬ. ನಾನೇ ಒಂದು ಚೆಂದದ್ದು ಕೊಟ್ಟರೆ?

ಹಿತ್ತಲಿಗೆ ಹೋದೆ. ನುಗ್ಗೆ ಬುಡದಲ್ಲಿ ಬಿದ್ದಿದ್ದವುಗಳಲ್ಲಿ ಒಂದು ದೊಡ್ಡದು, ನೀಲಿ ಮುಚ್ಚಳ, ದಪ್ಪ ಹಿಡಿ, ಮೈಮೇಲೆ ಹೂವಿನ ಚಿತ್ರ. ಎತ್ತಿ ಮೂಸಿದೆ. ಎಡಗಣ್ಣು ಮುಚ್ಚಿಕೊಂಡೇ ಮೂಸಿದೆ. ಮಲ್ಲಿಗೆ ಸೋಪಿನ ಘಮ ಬಂತು. ಇದರಲ್ಲಿ ಕೆಟ್ಟದ್ದು ಏನಿದೆ? ಒಳ್ಳೆಯದನ್ನು ತನಗೆ ಉಳಿಸಿಕೊಳ್ಳಲು ಕೆಟ್ಟದ್ದು ಅನ್ನುತ್ತಾಳೆ, ದೇವರು ಇವಳೊಬ್ಬಳಿಗೇ ಮೂಗು ಕೊಟ್ಟಿದ್ದಾನಾ ಅಂದುಕೊಂಡೆ. ಬೂದಿ ಹಾಕಿ ಮೂರು ಸಲ ತಿಕ್ಕಿ ತೊಳೆದೆ. ಅಟ್ಟದ ಮೇಲಿದ್ದ ಸಣ್ಣ ಡಬ್ಬವನ್ನು ನನ್ನ ಟ್ರಂಕಿನೊಳಗೆ ಬಚ್ಚಿಟ್ಟೆ.

ನಾದಿನಿ ನೀಲಿ ಮುಚ್ಚಳದ ಡಬ್ಬ ನೋಡಿ ಮುಖ ಅರಳಿಸಿ, "ನಮ್ ಚಿಕ್ಕತ್ತಿಗೆ ನಂಗೆ ಅಂತ ಎಂಥಾದ್ ಮಡಗವ್ಳೆ ನೋಡು" ಅಂದಳು. ಅಲ್ಲ, ಇದು ನಾನು ಕೊಡುತ್ತಿರುವುದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ನನ್ನ ಗಂಡ ಅವಳನ್ನು ಎಬ್ಬಿಸಿಕೊಂಡು ಹೊರಟರು. ಡಬ್ಬವೂ ಹೋಯಿತು, ಹೆಸರೂ ಅವಳಿಗೇ ಹೋಯಿತು. ಆ ಸಂಜೆಯೆಲ್ಲ ನನ್ನ ಸಂಕಟ ಅದೊಂದೇ.

ಸಂಜೆ ಅವಳು ಬಂದು ಉಳಿದ ಡಬ್ಬಗಳಿಗೆ ತೂತು ಹಾಕಿದಳು. ಎಷ್ಟಿದ್ದವೆಂದು ಎಣಿಸಿರಲಿಲ್ಲ.

ನಾಲ್ಕನೇ ದಿನ ಸುದ್ದಿ ಬಂತು. ನಾದಿನಿಯ ಮಾವ ಆ ಡಬ್ಬದಲ್ಲಿ ಮಜ್ಜಿಗೆ ತೆಗೆದುಕೊಂಡು ಹೊಲಕ್ಕೆ ಹೋಗಿದ್ದರು. ಬಾಯಾರಿ, ಡಬ್ಬ ಎತ್ತಿ ಗಟಗಟ ಕುಡಿದರು. ಡಬ್ಬದ ಹಿಡಿ ಒಳಗೆ ಟೊಳ್ಳು. ನಾನು ತಿಕ್ಕಿದ ಬೂದಿ, ಹಾಕಿದ ನೀರು ಆ ಟೊಳ್ಳಿಗೆ ಹೋಗಿರಲಿಲ್ಲ. ಅಲ್ಲಿ ಗಟ್ಟಿಯಾಗಿ ಕೂತಿದ್ದದ್ದು ಮಜ್ಜಿಗೆಗೆ ಕರಗಿ ಅವರ ಗಂಟಲಿಗೆ ಇಳಿದಿತ್ತು. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು, ಕಕ್ಕಸಿನ ಕೊಳವೆ ಕಟ್ಟಿಕೊಂಡರೆ ಬಿಡಿಸಲು ಹಾಕುವ ಕ್ಷಾರದಂಥದು, ಘಮಕ್ಕೆ ಅತ್ತರು ಬೆರೆಸಿರುತ್ತಾರೆ ಅಂದರಂತೆ. ಜೀವ ಉಳಿಯಿತು. ಅನ್ನನಾಳ ಸುಟ್ಟು ಕಿರಿದಾಯಿತು. ಇನ್ನು ಮುಂದೆ ಗಂಜಿ, ಹಾಲು, ಅಷ್ಟೆ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಆ ಮನುಷ್ಯ ಆಮೇಲೆ ಮುದ್ದೆ ನುಂಗಲಿಲ್ಲ.

ಡಬ್ಬವನ್ನು ಅವರ ಮನೆಯವರು ಸಿಟ್ಟಿನಲ್ಲಿ ಕೊಚ್ಚಿ ಸುಟ್ಟಿದ್ದರು. ಹಾಗಾಗಿ ನನ್ನ ತಂಗಿ ಅದನ್ನು ನೋಡಲೇ ಇಲ್ಲ. ಅವಳು ಹಾಸನಕ್ಕೆ ಹೋಗಿ ಎರಡು ದಿನ ಆಸ್ಪತ್ರೆ ಜಗಲಿಯಲ್ಲಿ ಕೂತು ಬಂದಳು. ಡಬ್ಬ ಎಂಥದ್ದಿತ್ತೆಂದು ಹೇಳುವುದಕ್ಕೂ ಅಲ್ಲಿ ಯಾರೂ ಅವಳ ಜೊತೆ ಮಾತಾಡಿರಲಿಲ್ಲ. ನಾದಿನಿಯ ಗಂಡ ಎಲ್ಲರೆದುರಿಗೆ, ಈ ಹೆಂಗಸಿನ ಮೂಗು ಕುಯ್ಯಬೇಕು ಅಂದನಂತೆ. ಮನೆಗೆ ಬಂದವಳು ಕಾಲು ತೊಳೆಯದೆ ಅಡುಗೆಮನೆಗೆ ಬಂದು ನನ್ನ ಮುಂದೆ ಕೂತಳು.

"ಅಕ್ಕ, ಅಟ್ಟದ್ ಮ್ಯಾಲಿತ್ತಲ್ಲ, ಅದುನ್ನೇ ಕೊಟ್ಯೇನಕ್ಕ?"

"ಊಂ, ಅದುನ್ನೇ" ಅಂದೆ.

ಅವಳು ನನ್ನ ಮುಖ ನೋಡಿದಳು. ಅನುಮಾನದಿಂದಲ್ಲ. ಅಕ್ಕ ಸುಳ್ಳು ಹೇಳಬಹುದು ಎಂಬುದು ಅವಳಿಗೆ ಹೊಳೆಯಲೇ ಇಲ್ಲ. "ಅಂಗಾರೆ ನನ್ ಮೂಗೇ ತೆಪ್ತು" ಅಂದಳು.

ಆಗಲೇ ಹೇಳಬಹುದಿತ್ತು. ನನ್ನ ಗಂಡನ ಭಯ, ನಾದಿನಿಯ ಮನೆಯವರ ಭಯ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಲ್ಲ. ಅವಳು ತಪ್ಪು ಮಾಡಿದ್ದನ್ನು ನಾನು ಜೀವನದಲ್ಲಿ ಮೊದಲ ಸಲ ನೋಡುತ್ತಿದ್ದೆ. ಅದು ಸುಳ್ಳೆಂದು ಗೊತ್ತಿದ್ದೂ ನೋಡಲು ಹಿತವಾಗಿತ್ತು.

ಮಾರನೇ ದಿನ ಗಿರಣಿಯಲ್ಲಿ ಅವಳು ಸ್ಟೂಲನ್ನು ಗೋಡೆಗೆ ಸರಿಸಿ, ನನ್ನ ಪಕ್ಕ ನೆಲದ ಮೇಲೆ ಕೂತಳು. ಚಿಮಣಿ ಬುಡ್ಡಿ ಹಚ್ಚಿಕೊಂಡಳು. ಒಂದೊಂದು ಚೂರನ್ನೂ ಉರಿಗೆ ಹಿಡಿದು ಹೊಗೆಯನ್ನು ಮೂಗಿನೊಳಕ್ಕೆ ಎಳೆದುಕೊಳ್ಳತೊಡಗಿದಳು. ನಾವೆಲ್ಲ ಹತ್ತಕ್ಕೊಂದು ಸುಟ್ಟು ನೋಡಿದರೆ ಅವಳು ಹತ್ತನ್ನೂ ಸುಡುವಳು. ಗೊತ್ತಿದ್ದದ್ದನ್ನೂ ಎರಡು ಸಲ. ಮೇಸ್ತ್ರಿ ಬೈದರು, ಮಾಲೀಕರು ನಕ್ಕರು, ಅವಳು ಬಿಡಲಿಲ್ಲ. "ನಂಬಿಕಿಲ್ಲ ಸಾ, ಸುಟ್ಟೇ ನೋಡ್ತೀನಿ" ಅನ್ನುವಳು. ಕಣ್ಣುರಿಯ ಹೊಗೆಗೆ ಕಣ್ಣು ಕೆಂಪಾಗಿ, ಸೆರಗಿನಿಂದ ಒರೆಸಿಕೊಂಡು, ಮತ್ತೆ ಮುಂದಿನ ಚೂರು. ಊರಲ್ಲಿ ಯಾರೂ ಡಬ್ಬ ಹಿಡಿದು ಬರಲಿಲ್ಲ. ತಂದಿದ್ದ ಡಬ್ಬಗಳಿಗೆಲ್ಲ, ಒಳ್ಳೆಯದು ಕೆಟ್ಟದ್ದು ನೋಡದೆ, ತೂತು ಹಾಕಿದಳು.

ಹೀಗೆ ಐದಾರು ವರ್ಷ. ನಾನು ಪ್ರತಿದಿನ ಅವಳ ಪಕ್ಕದಲ್ಲಿ ಕೂತಿದ್ದೆ. ಒಂದು ಮಾತು ಹೇಳಿದ್ದರೆ ಬುಡ್ಡಿ ಆರುತ್ತಿತ್ತು. ನಾವಿಬ್ಬರೂ ಒಂದೇ ನೆಲದ ಮೇಲೆ ಕೂತಿದ್ದೇವೆ ಎನ್ನುವುದು ಮೊದಲ ಒಂದೆರಡು ವರ್ಷ ನನಗೆ ಎಷ್ಟು ನೆಮ್ಮದಿ ಕೊಟ್ಟಿತೆಂದರೆ, ಅವಳ ಕೆಮ್ಮು ನನಗೆ ಕೇಳಿಸಲಿಲ್ಲ. ಕೇಳಿಸತೊಡಗಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಅಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕಿತ್ತಲ್ಲ.

ಒಂದು ಬೆಳಗ್ಗೆ ಹಾಲಿನ ಪಾತ್ರೆ ತಂದು ನನ್ನ ಮುಂದೆ ಹಿಡಿದು, "ಆಲು ಕೆಟ್ಟೈತಾ ನೋಡಕ್ಕ, ನಂಗೆ ಗೊತ್ತಾಯ್ತಿಲ್ಲ" ಅಂದಳು. ಹೊಗೆ ಕುಡಿದು ಕುಡಿದು ಮೂಗು ನಿಜವಾಗಿಯೂ ಸತ್ತಿತ್ತು. ನಾನು ಮೂಸಿ, ಇಲ್ಲ, ಚೆನ್ನಾಗಿದೆ ಅಂದೆ. ಅವಳು ನನ್ನ ಮಾತು ನಂಬಿ ಕಾಯಿಸಿದಳು. ಹಾಲು ಒಡೆಯಲಿಲ್ಲ. ಆ ದಿನವಿಡೀ ನನಗೆ ಒಳಗೊಳಗೇ ಹೆಮ್ಮೆ. ಅದನ್ನು ಬರೆಯಲು ಈಗ ಕೈ ಬರುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ಗಿರಣಿ ಒಂದು ದಿನ ಮುಚ್ಚಿತು. ಮಾಲೀಕರು ಮೆಷಿನ್ನು ಬಿಚ್ಚಿಸಿಕೊಂಡು ಹೋದರು. ಬಿಚ್ಚದ ಪಿಂಡಿಗಳು, ಸುಟ್ಟು ಗಟ್ಟಿಯಾದ ಕರಿ ಗುಡ್ಡೆ, ನೊರೆಯ ಕಟ್ಟೆ ನಮಗೆ ಉಳಿದವು. ತಂಗಿಗೆ ಉಳಿದದ್ದು ಉಬ್ಬಸ. ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವಳು. ಹಾಸನದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆ ಕೊಟ್ಟು, ನಾದಿನಿಯ ಮಾವ ಹೇಗಿದ್ದಾರೆ, ಏನು ಊಟ ಮಾಡುತ್ತಾರೆ ಎಂದು ಕೇಳುತ್ತಿದ್ದಳು. ಸಾಯುವ ವಾರವೂ ಕೇಳಿದಳು. ಚೆನ್ನಾಗಿದ್ದಾರೆ ಅಂದೆ. ಅಷ್ಟೇ ಅಂದೆ.

ಹನ್ನೊಂದನೇ ದಿನದ ತಿಥಿಗೆ ನಾದಿನಿಯ ಮನೆಯವರೆಲ್ಲ ಬಂದರು. ಅವಳ ಮಾವನೂ ಬಂದಿದ್ದರು. ಮುಪ್ಪಾಗಿದ್ದರು, ಕೊರಳು ಕಡ್ಡಿಯಂತಾಗಿತ್ತು. ಎಲ್ಲರೂ ಪಂಕ್ತಿಗೆ ಕೂತಾಗ ಅವರ ಎಲೆಯ ಮುಂದೆ ಒಂದು ಲೋಟ ಗಂಜಿ ಇಟ್ಟರು. ನಾನು ಬಡಿಸುತ್ತಿದ್ದವಳು ಪಾತ್ರೆ ಕೆಳಗಿಟ್ಟು ಅವರ ಮುಂದೆ ಕೂತುಬಿಟ್ಟೆ. ಆ ಡಬ್ಬ ಕೊಟ್ಟವಳು ನಾನು, ಅವಳು ಬೇಡ ಅಂದದ್ದನ್ನು ಎತ್ತಿ ಕೊಟ್ಟೆ, ಅವಳ ತಪ್ಪಿಲ್ಲ ಅಂದೆ. ಎಲ್ಲರಿಗೂ ಕೇಳುವಂತೆ ಹೇಳಿದೆ.

ಮುದುಕರು ಲೋಟ ಕೆಳಗಿಟ್ಟು ನನ್ನ ತಲೆಯ ಮೇಲೆ ಕೈ ಇಟ್ಟರು. ಅವರ ದನಿ ಸವೆದಿತ್ತು.

"ತಂಗೀನ ಎಷ್ಟ್ ಅಚ್ಕಂಡಿದ್ಯವ್ವ ನೀನು. ಸತ್ತೋಳ್ ತಪ್ಪ ತಲೆ ಮ್ಯಾಲ್ ಒತ್ಕತಾ ಇದ್ದೀಯಲ್ಲ. ಬುಡವ್ವ, ನಾನ್ ಯಾವತ್ತೋ ಕ್ಸಮ್ಸಿವ್ನಿ ಅವ್ಳ."

ಇಲ್ಲ, ನಿಜವಾಗಿಯೂ ನಾನೇ, ಅವಳು ಇಟ್ಟಿದ್ದ ಡಬ್ಬ ನನ್ನ ಟ್ರಂಕಿನಲ್ಲಿದೆ ಎಂದು ಎರಡನೇ ಸಲ ಹೇಳಿದೆ. ನಾದಿನಿ ಬಿಕ್ಕಿ ಅಳುತ್ತ ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಗಂಡ, ಮೂಗು ಕುಯ್ಯಬೇಕು ಅಂದಿದ್ದವನು, ಕಣ್ಣೊರೆಸಿಕೊಂಡು ಪಕ್ಕದವರಿಗೆ, "ಒಡುಟ್ಟುದ್ರೆ ಇಂಥೋಳ್ ಜೊತೆ ಉಟ್ಬೇಕು" ಅಂದ. ಹೌದೌದು ಅಂದರು. ಪಂಕ್ತಿಯ ಆ ತುದಿಯಿಂದ ಈ ತುದಿಯವರೆಗೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ನೋಟಕ್ಕಾಗಿ ನಾನು ನಲವತ್ತು ವರ್ಷ ಹೊಟ್ಟೆ ಸುಟ್ಟುಕೊಂಡಿದ್ದೆ.

ನಾದಿನಿ ನನ್ನನ್ನು ತನ್ನ ಪಕ್ಕ ಕೂರಿಸಿಕೊಂಡು ಎಲೆ ಹಾಕಿಸಿದಳು. ಮೂರನೇ ಸಲ ನಾನು ಹೇಳಲಿಲ್ಲ. ಯಾರೋ ಬಂದು ನನ್ನ ಎಲೆಗೆ ಪಾಯಸ ಬಡಿಸಿ, ಊಟ ಮಾಡವ್ವ ಅಂದರು. ಊಟ ಮಾಡಿದೆ.